ಒಂದೇ ಊರು, ಒಂದೇ ಗುಹೆ: ‘ಡ್ರ್ಯಾಗನ್ ಏಜ್ 2’ ಗೆದ್ದದ್ದೆಲ್ಲಿ, ಎಡವಿದ್ದೆಲ್ಲಿ

‘ಡ್ರ್ಯಾಗನ್ ಏಜ್ 2’ ಎಂಬ ವಿಡಿಯೊ ಆಟದಲ್ಲಿ, ಕರ್ಕ್‌ವಾಲ್ ನಗರದಾಚೆಯ ಸಮುದ್ರದಂಡೆಯಲ್ಲಿ ಒಂದು ಗುಹೆ ಇದೆ. ಕಳ್ಳಸಾಗಣೆಯವರನ್ನು ಬೆನ್ನಟ್ಟಿ ಹೋದಾಗ ಅದನ್ನು ಮೊದಲು ನೋಡುತ್ತೇವೆ. ಆಮೇಲೆ ತಲೆತಪ್ಪಿಸಿಕೊಂಡ ಯಾವನೋ ಮಾಂತ್ರಿಕನನ್ನು ಹುಡುಕುತ್ತ ಇನ್ನೊಂದು ದಿಕ್ಕಿನ ಬೆಟ್ಟಕ್ಕೆ ಹೋದರೆ ಅಲ್ಲೂ ಅದೇ ಗುಹೆ. ತಿರುವುಗಳೂ ಅವೇ, ಕೊನೆಯ ಅಗಲವಾದ ಹಜಾರವೂ ಅದೇ. ಬದಲಾದದ್ದೆಂದರೆ, ಕಳೆದ ಸಲ ತೆರೆದಿದ್ದ ದಾರಿಗೆ ಈ ಸಲ ಒಂದು ಕಲ್ಲುಚಪ್ಪಡಿ ಅಡ್ಡ ಬಂದಿದೆ. ಪರದೆಯ ಮೂಲೆಯ ಮಿನಿಮ್ಯಾಪ್ ನೋಡಿದರೆ ಚಪ್ಪಡಿಯ ಹಿಂದಿನ ಕೋಣೆಗಳೆಲ್ಲ ಸ್ಪಷ್ಟವಾಗಿ ಕಾಣುತ್ತವೆ. ನಕ್ಷೆಯಿಂದ ಅವನ್ನು ಅಳಿಸುವಷ್ಟು ಪುರುಸೊತ್ತೂ ಮಾಡಿದವರಿಗೆ ಇರಲಿಲ್ಲ.

2011ರ ಮಾರ್ಚ್ 8ರಂದು ಉತ್ತರ ಅಮೆರಿಕದಲ್ಲಿ ಬಿಡುಗಡೆಯಾದ ‘ಡ್ರ್ಯಾಗನ್ ಏಜ್ 2’ ಬಗ್ಗೆ ಮಾತೆತ್ತಿದರೆ ಮೊದಲು ಬರುವುದು ಈ ಗುಹೆಯ ದೂರು. ದೂರು ನ್ಯಾಯವಾದದ್ದೇ. ಆದರೆ ಅಷ್ಟಕ್ಕೇ ನಿಂತರೆ, ಅದೇ ಅವಸರದಿಂದ ಹುಟ್ಟಿದ ಕೆಲವು ಅಪರೂಪದ ಸಂಗತಿಗಳು ಕಣ್ಣಿಗೆ ಬೀಳುವುದಿಲ್ಲ. ತನ್ನ ಮಿತಿಯನ್ನು ಒಪ್ಪಿಕೊಂಡು ಕಥೆ ಕಟ್ಟಿದಲ್ಲೆಲ್ಲ ಈ ಆಟ ಗೆದ್ದಿದೆ, ಮಿತಿಯನ್ನು ಚಪ್ಪಡಿ ಇಟ್ಟು ಮುಚ್ಚಲು ಹೋದಲ್ಲೆಲ್ಲ ಸಿಕ್ಕಿಬಿದ್ದಿದೆ ಎನ್ನುವುದು ನನ್ನ ವಾದ. ಕಥೆಯ ಗುಟ್ಟುಗಳೆಲ್ಲ ಮುಂದೆ ಬಯಲಾಗುತ್ತವೆ, ಆಡಬೇಕೆಂದಿರುವವರು ಇಲ್ಲಿಗೇ ನಿಲ್ಲಿಸಬಹುದು.

ಹಿನ್ನೆಲೆ

ಮೊದಲ ಭಾಗ ‘ಡ್ರ್ಯಾಗನ್ ಏಜ್: ಒರಿಜಿನ್ಸ್’ ಬಂದದ್ದು 2009ರ ನವೆಂಬರ್‌ನಲ್ಲಿ. ಕೆನಡಾದ ಎಡ್ಮಂಟನ್‌ನ ಬಯೊವೇರ್ ಸಂಸ್ಥೆ ಅದನ್ನು ಘೋಷಿಸಿದ್ದು 2004ರಲ್ಲಿ. ಐದು ವರ್ಷಕ್ಕೂ ಮಿಕ್ಕಿದ ದುಡಿಮೆ ಅದರ ಹಿಂದಿತ್ತು. ಮನುಷ್ಯ, ಎಲ್ಫ್, ಕುಬ್ಜ ಎಂದು ಆರು ಬೇರೆ ಬೇರೆ ಆರಂಭಗಳು, ಇಡೀ ದೇಶ ಸುತ್ತಿಸುವ ಪಯಣ, ಮೇಲಿನಿಂದ ರಣರಂಗವನ್ನು ನೋಡಿ ಒಬ್ಬೊಬ್ಬರಿಗೂ ಆಜ್ಞೆ ಕೊಡುವ ನಿಧಾನದ ಯುದ್ಧ. ಹಳೆಯ ಕಾಲದ ಪಿಸಿ ಆರ್‌ಪಿಜಿಗಳ (ಪಾತ್ರವೊಂದನ್ನು ವಹಿಸಿ ಆಡುವ ಆಟಗಳ) ಅಭಿಮಾನಿಗಳಿಗೆ ಅದು ಮನೆಗೆ ಮರಳಿದ ಅನುಭವವಾಗಿತ್ತು. ವಿಮರ್ಶಕರ ಅಂಕಗಳ ಸರಾಸರಿ ಕೊಡುವ ಮೆಟಾಕ್ರಿಟಿಕ್ ತಾಣದಲ್ಲಿ ಪಿಸಿ ಆವೃತ್ತಿಗೆ ನೂರಕ್ಕೆ 91 ಅಂಕ ಬಂತು.

ಎರಡನೆಯ ಭಾಗಕ್ಕೆ ಸಿಕ್ಕ ಕಾಲ ಒಂದೂವರೆ ವರ್ಷವೂ ಅಲ್ಲ. ಬಯೊವೇರನ್ನು ಅಷ್ಟರಲ್ಲಿ ಕೊಂಡಿದ್ದ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿಯ ಲೆಕ್ಕದ ವರ್ಷ ಮುಗಿಯುವುದು ಮಾರ್ಚ್ ಕೊನೆಗೆ. ಅದೇ ಸಂಸ್ಥೆಯ ದೊಡ್ಡ ಆನ್‌ಲೈನ್ ಆಟ ‘ಸ್ಟಾರ್ ವಾರ್ಸ್: ದಿ ಓಲ್ಡ್ ರಿಪಬ್ಲಿಕ್’ ಮುಂದಕ್ಕೆ ಹೋಗಿ, ಕೊನೆಗೆ ಹೊರಬಂದದ್ದು 2011ರ ಡಿಸೆಂಬರ್‌ನಲ್ಲಿ. ಆ ವಿಳಂಬದಿಂದ ಲೆಕ್ಕಪುಸ್ತಕದಲ್ಲಿ ಬಿದ್ದ ತೂತನ್ನು ಮುಚ್ಚಲೆಂದೇ ‘ಡ್ರ್ಯಾಗನ್ ಏಜ್ 2’ ಹುಟ್ಟಿತು ಎಂದು ಸರಣಿಯ ಕಾರ್ಯನಿರ್ವಾಹಕ ನಿರ್ಮಾಪಕರಾಗಿದ್ದ ಮಾರ್ಕ್ ಡಾರಾ ನಂತರದ ವರ್ಷಗಳಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಮುಖ್ಯ ವಿನ್ಯಾಸಕ ಮೈಕ್ ಲೇಡ್‌ಲಾ, ಮುಖ್ಯ ಬರಹಗಾರ ಡೇವಿಡ್ ಗೇಡರ್. ಅವರ ಕೈಗೆ ಬಂದದ್ದು ಬಿಡುಗಡೆಯ ದಿನಾಂಕ ಮೊದಲೇ ಗಟ್ಟಿಯಾಗಿದ್ದ ಕೆಲಸ. ಇಷ್ಟು ಕಾಲದಲ್ಲಿ ಇನ್ನೊಂದು ದೇಶವನ್ನು ಕಟ್ಟಲಾಗದು. ಒಂದು ಊರನ್ನು ಕಟ್ಟಬಹುದು.

ಸುಳ್ಳು ಹೇಳುವ ನಿರೂಪಕ

ಆಟ ತೆರೆಯುವುದು ಒಂದು ವಿಚಾರಣೆಯಿಂದ. ಚರ್ಚಿನಂಥ ಸಂಸ್ಥೆಯಾದ ‘ಚಾಂಟ್ರಿ’ಯ ಅಧಿಕಾರಿಣಿ ಕಸ್ಸಾಂಡ್ರಾ ಒಬ್ಬ ಕುಬ್ಜನನ್ನು ಕುರ್ಚಿಯಲ್ಲಿ ಕೂರಿಸಿದ್ದಾಳೆ. ಆತ ವ್ಯಾರಿಕ್ ಟೆಥ್ರಾಸ್. ವ್ಯಾಪಾರಿ ಮನೆತನದವನು, ಕಥೆಗಾರ, ಮಾತಿನಲ್ಲಿ ಜಾಣ. ಅವನ ಗೆಳೆಯ ಹಾಕ್ ಎಂಬಾತ (ಅಥವಾ ಎಂಬಾಕೆ, ಆಯ್ಕೆ ನಮ್ಮದು) ಜಗತ್ತನ್ನೇ ಯುದ್ಧದ ಅಂಚಿಗೆ ತಂದದ್ದು ಹೇಗೆ ಎಂದು ಅವಳಿಗೆ ತಿಳಿಯಬೇಕು. ವ್ಯಾರಿಕ್ ಶುರುಮಾಡುತ್ತಾನೆ. ನಾವು ಆಡತೊಡಗುತ್ತೇವೆ. ಹಾಕ್ ಒಂದೊಂದು ಏಟಿಗೆ ಸಾಲುಸಾಲು ರಾಕ್ಷಸರನ್ನು ಉರುಳಿಸುತ್ತಾನೆ, ಪಕ್ಕದಲ್ಲಿ ಕಾದುವ ತಂಗಿ ಬೆಥನಿಯ ಮೈಮಾಟಕ್ಕೂ ಯಾರೋ ಧಾರಾಳವಾಗಿ ಕೈಚಳಕ ತೋರಿದ್ದಾರೆ. ಕೆಲವೇ ನಿಮಿಷದಲ್ಲಿ ಕಸ್ಸಾಂಡ್ರಾ ಸಿಡುಕಿ ತಡೆಯುತ್ತಾಳೆ: ಇದೆಲ್ಲ ಬೊಗಳೆ, ನಿಜ ಹೇಳು. ಕಥೆ ಹಿಂದಕ್ಕೆ ಸರಿಯುತ್ತದೆ. ಈಗ ಹಾಕ್‌ಗೆ ಬರುವುದು ಒಂದೆರಡು ಸಾಧಾರಣ ವರಸೆ ಮಾತ್ರ, ಬೆಥನಿ ದಣಿದ ಸಾಮಾನ್ಯ ಹುಡುಗಿ. ಹುಟ್ಟೂರು ಹಿಂದೆ ಉರಿಯುತ್ತಿದೆ, ಕುಟುಂಬ ಓಡುತ್ತಿದೆ.

ಗುಂಡಿ ಒತ್ತುವುದನ್ನು ಕಲಿಸುವ ಪಾಠವನ್ನೂ ನಿರೂಪಕನ ಗುಣವನ್ನೂ ಒಂದೇ ಏಟಿಗೆ ಮುಗಿಸಿದ ಇಂಥ ಆರಂಭ ದೊಡ್ಡ ಬಜೆಟ್ಟಿನ ಆಟಗಳಲ್ಲಿ ಹೆಚ್ಚಿಲ್ಲ. ಈ ಕಟ್ಟು ಇನ್ನೊಂದು ಅನುಕೂಲವನ್ನೂ ಕೊಟ್ಟಿತು. ವಿಚಾರಣೆ ನಡುನಡುವೆ ಬರುವುದರಿಂದ ‘ಮೂರು ವರ್ಷ ಕಳೆಯಿತು’ ಎಂದು ವ್ಯಾರಿಕ್ ಹೇಳಿದರೆ ಸಾಕು, ಕಥೆ ಮೂರು ವರ್ಷ ಹಾರುತ್ತದೆ. ಹೀಗೆ ಮೂರು ಅಂಕಗಳಲ್ಲಿ ಏಳು ವರ್ಷಗಳ ಹರಹು ಸಿಕ್ಕಿತು.

ಎರಡನೆಯ ಅಂಕದಲ್ಲಿ ಇದೇ ಉಪಾಯ ಮತ್ತೊಮ್ಮೆ ಮಿಂಚುತ್ತದೆ. ತನಗೆ ದ್ರೋಹ ಬಗೆದ ಅಣ್ಣ ಬಾರ್ಟ್ರಂಡ್‌ನ ಮಹಲಿಗೆ ವ್ಯಾರಿಕ್ ಒಬ್ಬನೇ ನುಗ್ಗಿ, ತನ್ನ ಮುದ್ದಿನ ಬಿಲ್ಲು ಬಿಯಾಂಕಾದಿಂದ ಕಾವಲುಗಾರರ ಹಿಂಡನ್ನೇ ಉದುರಿಸುತ್ತಾನೆ. ಸಿನಿಮಾ ನಾಯಕನೂ ನಾಚಬೇಕು. ಕಸ್ಸಾಂಡ್ರಾ ಮತ್ತೆ ದುರುಗುಟ್ಟಿದಾಗ ನಿಜವಾದ ಕಥೆ ಹೊರಬರುತ್ತದೆ: ಕತ್ತಲೆಯ ಮನೆ, ಹುಚ್ಚು ಹಿಡಿದ ಅಣ್ಣ. ಉತ್ಪ್ರೇಕ್ಷೆಯ ಹಿಂದೆ ಅವನು ಬಚ್ಚಿಟ್ಟದ್ದು ನೋವನ್ನು ಎಂದು ಆಗ ತಿಳಿಯುತ್ತದೆ.

ಇಷ್ಟು ಒಳ್ಳೆಯ ಉಪಾಯ ಕೈಯಲ್ಲಿದ್ದೂ ಅದನ್ನು ಬಳಸಿದ್ದು ತೀರಾ ಕಡಿಮೆ. ಕಂಪನಿ ನಾಟಕಗಳಲ್ಲಿ ಒಂದೇ ಕಾಡಿನ ಪರದೆ ದಂಡಕಾರಣ್ಯವೂ ಆಗುತ್ತಿತ್ತು, ಹಿಮಾಲಯದ ತಪ್ಪಲೂ ಆಗುತ್ತಿತ್ತು. ಪಾತ್ರಧಾರಿ ಬಾಯಿಬಿಟ್ಟು ಹೇಳುತ್ತಿದ್ದ, ನೋಡುಗರು ಒಪ್ಪುತ್ತಿದ್ದರು. ಇಲ್ಲಿ ಬಾಯಿಬಿಟ್ಟು ಹೇಳಲೆಂದೇ ಒಬ್ಬ ಪಾತ್ರವಿದೆ. ‘ಗುಹೆ ಹೇಗಿತ್ತು’ ಎಂದು ಕಸ್ಸಾಂಡ್ರಾ ಕೇಳಿ, ‘ಗುಹೆಯ ಹಾಗಿತ್ತು, ಎಲ್ಲ ಗುಹೆಗಳೂ ಒಂದೇ’ ಎಂದು ವ್ಯಾರಿಕ್ ರೇಗಿದ್ದರೆ, ಆಟದ ದೊಡ್ಡ ದೌರ್ಬಲ್ಯ ಅದರ ಒಳ್ಳೆಯ ನಗೆಚಾಟಿಕೆಯಾಗುತ್ತಿತ್ತು. ಒಂದು ಸಾಲು ಸಾಕಿತ್ತು. ಆಟ ಗಂಭೀರ ಮುಖ ಮಾಡಿಕೊಂಡು, ಇದು ಹೊಸ ಗುಹೆ ಎಂದೇ ಸಾಧಿಸುತ್ತದೆ.

ಬದಲಾಗದ ಊರು

ಕರ್ಕ್‌ವಾಲ್ ಕಲ್ಲಿನ ನಗರ. ಹಿಂದೆ ಗುಲಾಮರ ಮಾರಾಟಕ್ಕೆ ಹೆಸರಾಗಿದ್ದ ಊರು. ಬಂದರಿನಲ್ಲಿ ಬಗ್ಗಿ ನಿಂತ ಗುಲಾಮರ ದೈತ್ಯ ಪ್ರತಿಮೆಗಳು ಇನ್ನೂ ಇವೆ. ಮೇಲೆ ಸಿರಿವಂತರ ಹೈಟೌನ್, ಕೆಳಗೆ ಬಡವರ ಲೋಟೌನ್, ಅದಕ್ಕೂ ಕೆಳಗೆ ಚರಂಡಿಗಳ ಡಾರ್ಕ್‌ಟೌನ್. ಮಾಂತ್ರಿಕರನ್ನು ಕೂಡಿಹಾಕುವ ಗ್ಯಾಲೋಸ್ ಒಂದು ಕಾಲದಲ್ಲಿ ಗುಲಾಮರ ಸೆರೆಮನೆಯಾಗಿತ್ತು. ಹಾಕ್ ಇಲ್ಲಿಗೆ ಬರುವುದು ನಿರಾಶ್ರಿತನಾಗಿ. ತಾಯಿಯ ತವರಿನ ಮಹಲನ್ನು ಸೋದರಮಾವ ಗ್ಯಾಮ್ಲೆನ್ ಆಗಲೇ ಕಳೆದುಕೊಂಡಿದ್ದಾನೆ, ಕುಟುಂಬಕ್ಕೆ ಸಿಗುವುದು ಅವನ ಹರಕು ಬಿಡಾರ. ಮೊದಲ ಅಂಕದ ಗುರಿ ಐವತ್ತು ಚಿನ್ನದ ನಾಣ್ಯ ಕೂಡಿಸಿ, ಭೂಗರ್ಭದ ನಿಧಿ ಹುಡುಕುವ ಪಯಣದಲ್ಲಿ ಪಾಲು ಪಡೆಯುವುದು. ಜಗತ್ತನ್ನು ಉಳಿಸುವ ಹೊಣೆ ಯಾರ ತಲೆಯ ಮೇಲೂ ಇಲ್ಲ. ಸಾಲಸೋಲದ ಮನೆಯಲ್ಲಿ ದುಡ್ಡು ಕೂಡಿಸುವುದೇ ಕಥೆ ಎನ್ನುವ ಫ್ಯಾಂಟಸಿ ಆಟವನ್ನು ನಾನು ಆ ಮುಂಚೆ ಕಂಡಿರಲಿಲ್ಲ.

ಆದರೆ ಏಳು ವರ್ಷಗಳ ಕಥೆಗೆ ಒಂದೇ ಊರನ್ನು ಆರಿಸಿದರೆ, ಆ ಊರು ವಯಸ್ಸಾಗುವುದನ್ನು ತೋರಿಸಬೇಕು. ಇಲ್ಲಿ ಅದು ಆಗಿಲ್ಲ. ಮೊದಲ ಅಂಕದಲ್ಲಿ ನಿಂತ ಅಂಗಡಿಯವನು ಮೂರನೆಯ ಅಂಕದಲ್ಲೂ ಅಲ್ಲೇ ನಿಂತಿದ್ದಾನೆ. ಎರಡನೆಯ ಅಂಕದ ಕೊನೆಗೆ ನಗರ ದಾಳಿಗೆ ಸಿಕ್ಕಿ ಹೊತ್ತಿ ಉರಿಯುತ್ತದೆ, ಮೂರು ವರ್ಷದ ನಂತರ ಆ ಗಾಯದ ಕಲೆಯನ್ನು ಹುಡುಕಿದರೂ ಬೀದಿಗಳು ಅವೇ. ಒಂದೇ ಊರು ಎಂಬ ಆಯ್ಕೆಯ ಲಾಭವಿದ್ದದ್ದೇ ಈ ಬದಲಾವಣೆಯಲ್ಲಿ. ಅದನ್ನು ಮಾಡಲು ಬೇಕಿದ್ದ ಆರು ತಿಂಗಳು ಯಾರ ಕೈಯಲ್ಲೂ ಇರಲಿಲ್ಲ.

ಜೊತೆಗಾರರು

ಬಯೊವೇರ್ ಆಟಗಳ ಜೀವಾಳವೇ ಜೊತೆಗಾರರು. ‘ಒರಿಜಿನ್ಸ್’ನಲ್ಲಿ ಅವರು ಬಿಡಾರದ ಬೆಂಕಿಯ ಸುತ್ತ ಕಾಯುತ್ತ ನಿಂತಿರುತ್ತಿದ್ದರು; ಉಡುಗೊರೆ ಕೊಟ್ಟಷ್ಟೂ ಪ್ರೀತಿಯ ಅಂಕ ಏರುತ್ತಿತ್ತು. ಇಲ್ಲಿ ಒಬ್ಬೊಬ್ಬರಿಗೂ ಸ್ವಂತ ಮನೆ, ಸ್ವಂತ ಕಸುಬು. ಹೆಂಡದಂಗಡಿ ‘ಹ್ಯಾಂಗ್ಡ್ ಮ್ಯಾನ್’ನ ಮಾಳಿಗೆಯ ಕೋಣೆಯಲ್ಲಿ ವ್ಯಾರಿಕ್, ಡಾರ್ಕ್‌ಟೌನ್‌ನಲ್ಲಿ ಬಡವರಿಗೆ ಪುಕ್ಕಟೆ ಮದ್ದು ಕೊಡುವ ಆಂಡರ್ಸ್, ಕಾವಲುಪಡೆಯ ಕಚೇರಿಯಲ್ಲಿ ಅವೆಲೀನ್. ನಾವಿಲ್ಲದಾಗಲೂ ಅವರು ಒಬ್ಬರ ಮನೆಗೆ ಒಬ್ಬರು ಹೋಗುತ್ತಾರೆ, ಜಗಳವಾಡುತ್ತಾರೆ.

ಎಲ್ಲಕ್ಕಿಂತ ಜಾಣತನದ ಬದಲಾವಣೆ ಸ್ನೇಹ ಮತ್ತು ಪೈಪೋಟಿಯ ಅಳತೆಪಟ್ಟಿ. ಒಂದೇ ಪಟ್ಟಿ, ಎರಡು ತುದಿ. ನಮ್ಮ ಮಾತಿಗೆ ಸದಾ ತಲೆಯಾಡಿಸುವವನು ಸ್ನೇಹದ ತುದಿಗೆ ಹೋಗುತ್ತಾನೆ, ಸದಾ ಎದುರಾಡುವವನು ಪೈಪೋಟಿಯ ತುದಿಗೆ. ಎರಡೂ ತುದಿಗಳಲ್ಲಿ ಗೌರವವಿದೆ, ಬಲವಿದೆ, ಬೇಕಿದ್ದರೆ ಪ್ರೇಮವೂ ಇದೆ. ನಷ್ಟವಿರುವುದು ನಡುವೆ, ಯಾರನ್ನೂ ನೋಯಿಸದೆ ಎಲ್ಲರಿಗೂ ಅರ್ಧರ್ಧ ಒಪ್ಪಿಗೆ ಕೊಡುತ್ತ ಹೋದವನಿಗೆ. ಇದರ ಪರೀಕ್ಷೆ ಎರಡನೆಯ ಅಂಕದ ಕೊನೆಗೆ ಬರುತ್ತದೆ. ಕಡಲುಗಳ್ಳಿ ಇಸಬೆಲಾ, ಕುನಾರಿ ಎಂಬ ಕೊಂಬುಳ್ಳ ಜನಾಂಗದ ಪವಿತ್ರ ಗ್ರಂಥವನ್ನು ಕದ್ದವಳು, ಊರನ್ನು ಅಪಾಯದಲ್ಲಿ ಬಿಟ್ಟು ಓಡಿಹೋಗುತ್ತಾಳೆ. ಅವಳೊಂದಿಗಿನ ಸ್ನೇಹವೋ ಪೈಪೋಟಿಯೋ ಸಾಕಷ್ಟು ಗಾಢವಾಗಿದ್ದರೆ ಗ್ರಂಥ ಹಿಡಿದು ಮರಳಿ ಬರುತ್ತಾಳೆ. ಸಪ್ಪೆ ಪರಿಚಯವಷ್ಟೇ ಇದ್ದವರಿಗೆ ಅವಳು ಮತ್ತೆ ಸಿಗುವುದಿಲ್ಲ.

ಅವೆಲೀನ್‌ಳ ಪ್ರೇಮಪ್ರಸಂಗವನ್ನು ಹೇಳದೆ ಮುಂದೆ ಹೋಗಲಾರೆ. ಕಾವಲುಪಡೆಯ ಮುಖ್ಯಸ್ಥೆಯಾದ ಈ ಬಿರುಸಿನ ಹೆಂಗಸಿಗೆ ಕೈಕೆಳಗಿನ ಡಾನಿಕ್‌ನ ಮೇಲೆ ಮನಸ್ಸಾಗಿದೆ, ಹೇಳಲು ಬಾಯಿ ಬರುವುದಿಲ್ಲ. ತಾಮ್ರದಲ್ಲಿ ಕೆತ್ತಿಸಿದ ಚೆಂಡುಹೂವನ್ನು ಹಾಕ್‌ನ ಕೈಯಲ್ಲಿ ಕಳಿಸುತ್ತಾಳೆ. ಆತನಿಗೆ ತಲೆಬುಡ ತಿಳಿಯುವುದಿಲ್ಲ. ವರದಕ್ಷಿಣೆಯಾಗಿ ಮೂರು ಮೇಕೆ, ಒಂದು ಕಂತೆ ಗೋಧಿ ಕೊಡುವ ಯೋಚನೆಯೂ ಅವಳಿಗೆ ಬರುತ್ತದೆ. ಕೊನೆಗೆ ಇಬ್ಬರನ್ನೂ ಕಡಲದಂಡೆಯ ಗಸ್ತಿಗೆ ಕಳಿಸಿ, ಮುಂದೆ ಮುಂದೆ ಹೋಗಿ ದರೋಡೆಕೋರರನ್ನು ಕೊಂದು ದಾರಿ ಸುಗಮ ಮಾಡುವ ಕೆಲಸ ನಮ್ಮದು. ನಾವು ಬೆವರು ಸುರಿಸಿ ಮಾಡಿಕೊಟ್ಟ ಏಕಾಂತದಲ್ಲಿ ಅವಳು ಕತ್ತಿಯ ಹಿಡಿಕೆಯ ವಿಚಾರ ಮಾತಾಡುತ್ತಾಳೆ! ಇದಕ್ಕೆ ಹೊಸ ನಕ್ಷೆ ಬೇಕಾಗಲಿಲ್ಲ, ಹೊಸ ರಾಕ್ಷಸನೂ ಬೇಕಾಗಲಿಲ್ಲ. ಬರೆಯುವ ಕೈ ಚೆನ್ನಾಗಿದ್ದರೆ ಹಳೆಯ ದಂಡೆಯೇ ಸಾಕಾಯಿತು.

ಸಂಭಾಷಣೆಯ ಚಕ್ರವನ್ನು ಬೈಯುವವರು ಬಹಳ. ಮೃದು, ಕುಚೋದ್ಯ, ಒರಟು ಎಂಬ ಮೂರು ಧಾಟಿಗೆ ಮೂರು ಚಿಹ್ನೆಗಳು, ಪಕ್ಕದಲ್ಲಿ ಎರಡು ಪದಗಳ ಸುಳಿವು. ಹಾಕ್ ನಿಜವಾಗಿ ಹೇಳುವುದು ಬೇರೆಯೇ ಇರುತ್ತದೆ ಎಂಬ ದೂರಿನಲ್ಲಿ ಹುರುಳಿದೆ. ಆದರೂ ನಾವು ಹೆಚ್ಚಾಗಿ ಆರಿಸಿದ ಧಾಟಿಯನ್ನು ಆಟ ನೆನಪಿಟ್ಟು, ನಾವು ಆರಿಸದ ಮಾತುಗಳಲ್ಲೂ ಹಾಕ್‌ನ ದನಿಯನ್ನು ಅದಕ್ಕೆ ತಕ್ಕಂತೆ ಬದಲಿಸುತ್ತದೆ. ಕುಚೋದ್ಯದ ಹಾಕ್ ಸಾವಿನ ಮನೆಯಲ್ಲೂ ಬಾಯಿತಪ್ಪಿ ಚಟಾಕಿ ಹಾರಿಸುತ್ತಾನೆ.

ಎರಡನೆಯ ಅಂಕ

ಆಟದ ಎತ್ತರ ಇಲ್ಲಿದೆ. ಬಂದರಿನ ಒಂದು ಆವರಣದಲ್ಲಿ ಕುನಾರಿಗಳ ಪಡೆ ವರ್ಷಗಟ್ಟಲೆ ಬೀಡುಬಿಟ್ಟಿದೆ, ಅದರ ದಂಡನಾಯಕ ಅರಿಶಾಕ್. ಕೊಂಬುಳ್ಳ ದೈತ್ಯ, ಮಾತು ಕಡಿಮೆ. ಈ ಊರಿನ ಲಂಚ, ಹೊಲಸು, ಬಡವರ ಗೋಳು ಅವನಿಗೆ ಹೇಸಿಗೆ. ಅವನು ಹೇಳುವುದರಲ್ಲಿ ಅರ್ಧಕ್ಕಿಂತ ಹೆಚ್ಚು ನಿಜ, ಅದಕ್ಕೇ ಅವನು ಅಪಾಯಕಾರಿ. ಒಂದು ಅಂಕವಿಡೀ ಒತ್ತಡ ಏರುತ್ತ ಹೋಗಿ, ನಗರಾಧಿಪತಿಯ ತಲೆ ಮೆಟ್ಟಿಲುಗಳ ಮೇಲೆ ಉರುಳುವಾಗ ಆಶ್ಚರ್ಯವಾಗುವುದಿಲ್ಲ, ಇದು ಆಗಲೇಬೇಕಿತ್ತು ಅನ್ನಿಸುತ್ತದೆ. ಅದರ ನಂತರದ ದ್ವಂದ್ವಯುದ್ಧ ಮಾತ್ರ ಕಂಬದ ಸುತ್ತ ಓಡಿ ಮದ್ದು ಕುಡಿಯುವ ಆಟವಾಗಿಬಿಡುತ್ತದೆ. ಅಷ್ಟು ಘನತೆಯ ಪಾತ್ರಕ್ಕೆ ಅದು ತಕ್ಕ ಕೊನೆಯಲ್ಲ.

ಇದೇ ಅಂಕದಲ್ಲಿ ತಾಯಿ ಲಿಯಾಂಡ್ರಾಳ ಸಾವೂ ಬರುತ್ತದೆ. ಕಾಣೆಯಾಗುತ್ತಿರುವ ಹೆಂಗಸರ ಬಗ್ಗೆ ಮೊದಲ ಅಂಕದಲ್ಲೇ ಒಂದು ಚಿಕ್ಕ ತನಿಖೆ ಇತ್ತು; ಎಲ್ಲರಿಗೂ ಬಿಳಿ ಲಿಲ್ಲಿಹೂ ಬಂದಿದ್ದವು. ವರ್ಷಗಳ ನಂತರ ಒಂದು ಸಂಜೆ ತಾಯಿ ಮನೆಯಲ್ಲಿಲ್ಲ, ಬಿಳಿ ಲಿಲ್ಲಿಹೂಗಳಿವೆ. ನೆಲದ ರಕ್ತದ ಜಾಡು ಹಿಡಿದು ಎಷ್ಟು ವೇಗವಾಗಿ ಓಡಿದರೂ ಅವಳನ್ನು ಉಳಿಸುವ ಆಯ್ಕೆ ಆಟದಲ್ಲಿ ಇಲ್ಲ. ಆಟಗಾರನಿಗೆ ಅಧಿಕಾರ ಕೊಡುವುದೇ ಗುರಿಯಾದ ಈ ಪ್ರಕಾರದಲ್ಲಿ ಹೀಗೆ ಕೈಕಟ್ಟಿಹಾಕುವುದು ಧೈರ್ಯದ ಕೆಲಸ. ಇದನ್ನು ನೆನಪಿಡಿ, ಮೂರನೆಯ ಅಂಕದಲ್ಲಿ ಇದೇ ಉಪಾಯ ಕೈಕೊಡುತ್ತದೆ.

ಆಕಾಶದಿಂದ ಉದುರುವ ಶತ್ರುಗಳು

ಯುದ್ಧ ಚುರುಕಾಯಿತು, ಅದು ಒಳ್ಳೆಯದೇ. ‘ಒರಿಜಿನ್ಸ್’ನ ಕತ್ತಿವೀರರು ನೀರಿನಲ್ಲಿ ನಡೆದಂತೆ ನಡೆಯುತ್ತಿದ್ದರು. ಒಬ್ಬ ಜೊತೆಗಾರ ಶತ್ರುವನ್ನು ಹೆಪ್ಪುಗಟ್ಟಿಸಿದರೆ ಇನ್ನೊಬ್ಬ ಅವನನ್ನು ಒಡೆದು ಹಾಕುವಂಥ ಜೋಡಿ ವರಸೆಗಳೂ ಚೆನ್ನಾಗಿವೆ. ಕೆಡಿಸಿದ್ದು ಅಲೆಗಳು. ಎದುರಿಗಿದ್ದವರನ್ನು ಮುಗಿಸುವಷ್ಟರಲ್ಲಿ ಇನ್ನೊಂದು ಗುಂಪು ಮಾಳಿಗೆಯಿಂದಲೋ ಬರಿಯ ಗಾಳಿಯಿಂದಲೋ ಧುಮುಕುತ್ತದೆ, ಅದೂ ಹಿಂದೆ ಜೋಪಾನವಾಗಿ ನಿಲ್ಲಿಸಿದ ಮಾಂತ್ರಿಕಳ ತಲೆಯ ಮೇಲೇ. ಯಾರನ್ನು ಎಲ್ಲಿ ನಿಲ್ಲಿಸಬೇಕೆಂಬ ಯೋಚನೆಗೆ ಬೆಲೆಯೇ ಉಳಿಯುವುದಿಲ್ಲ. ಪಿಸಿ ಆಟಗಾರರ ಮೇಲಿನಿಂದ ನೋಡುವ ಕ್ಯಾಮೆರಾವನ್ನೂ ಕಿತ್ತುಕೊಂಡಿದ್ದರು. ಸ್ವಂತ ಮಂತ್ರ ಸ್ವಂತ ಪಡೆಗೇ ತಗಲುವ ಅಪಾಯ ಅತಿ ಕಠಿಣ ಹಂತಕ್ಕೆ ಮಾತ್ರ ಸೀಮಿತವಾಯಿತು. ಒಂದೇ ಕೋಣೆಯಲ್ಲಿ ಹೆಚ್ಚು ಹೊತ್ತು ಕಳೆಸಲು ಅಲೆಗಳು ಅಗ್ಗದ ದಾರಿ. ಕೋಣೆಗಳು ಸಾಲದಿದ್ದಾಗ ಹೊಳೆಯುವಂಥ ಉಪಾಯ.

ಕೈಮೀರಿದ ಕೊನೆ

ಮೂರನೆಯ ಅಂಕ ಮಾಂತ್ರಿಕರಿಗೂ ಅವರನ್ನು ಕಾಯುವ ಟೆಂಪ್ಲರ್ ಯೋಧರಿಗೂ ನಡುವಿನ ಜಗಳ. ಒಂದೆಡೆ ಟೆಂಪ್ಲರ್ ಮುಖ್ಯಸ್ಥೆ ಮೆರೆಡಿತ್, ಇನ್ನೊಂದೆಡೆ ಮಾಂತ್ರಿಕರ ಹಿರಿಯ ಒರ್ಸಿನೊ. ಎರಡೂ ಕಡೆ ನ್ಯಾಯವಿರಬೇಕಾದ ಜಗಳವಿದು. ಆದರೆ ದಾರಿಯಲ್ಲಿ ಸಿಗುವ ಮಾಂತ್ರಿಕರಲ್ಲಿ ಹೆಚ್ಚಿನವರು ಎರಡು ಮಾತಿಗೇ ರಕ್ತಮಂತ್ರಕ್ಕೆ ಕೈಹಾಕಿ ರಾಕ್ಷಸರಾಗುತ್ತಾರೆ. ಅವರ ಪರ ವಾದಿಸುವವನ ಬಾಯಿ ಆಟವೇ ಕಟ್ಟುತ್ತದೆ.

ಆಂಡರ್ಸ್‌ನ ಕೃತ್ಯ ಮಾತ್ರ ಇಂದಿಗೂ ಚರ್ಚೆಗೆ ಉಳಿದಿದೆ. ತನ್ನೊಳಗೆ ಸೇರಿಕೊಂಡ ಆತ್ಮವನ್ನು ಬೇರ್ಪಡಿಸಲೆಂದು ಹೇಳಿ ಚರಂಡಿಯಿಂದ ಒಂದು ವಸ್ತು, ಗಣಿಯಿಂದ ಇನ್ನೊಂದು ತರಿಸುತ್ತಾನೆ. ಇನ್ನೊಂದು ದಿನ ಚಾಂಟ್ರಿಯಲ್ಲಿ ಹಿರಿಯ ಗುರುವನ್ನು ಸ್ವಲ್ಪ ಹೊತ್ತು ಮಾತಿಗೆಳೆ ಎನ್ನುತ್ತಾನೆ. ಗೆಳೆಯನ ಕೆಲಸವೆಂದು ಮಾಡುತ್ತೇವೆ. ಆಮೇಲೆ ಚಾಂಟ್ರಿ ಕೆಂಪು ಬೆಳಕಾಗಿ ಸಿಡಿದು ಊರಿನ ಮೇಲೆ ಸುರಿಯುತ್ತದೆ. ಸಹಾಯ ನಿರಾಕರಿಸಿದ್ದರೂ ಅದು ಸಿಡಿಯುತ್ತಿತ್ತು. ಆದರೆ ಮಾಡಿಕೊಟ್ಟವರ ಕೈಗೆ ಅಂಟಿದ್ದು ಅಂಟಿಯೇ ಇರುತ್ತದೆ. ಅವನನ್ನು ಕೊಲ್ಲಬಹುದು, ಅಟ್ಟಬಹುದು, ಜೊತೆಗಿಟ್ಟುಕೊಳ್ಳಬಹುದು.

ಅಲ್ಲಿಂದ ಮುಂದೆ ಎಲ್ಲ ಕುಸಿಯುತ್ತದೆ. ಯಾರ ಪಕ್ಷ ಎಂದು ಆಟ ಕೇಳುತ್ತದೆ, ಉತ್ತರ ಏನಾದರೂ ಮೆರೆಡಿತ್ ಮತ್ತು ಒರ್ಸಿನೊ ಇಬ್ಬರೊಂದಿಗೂ ಹೋರಾಡಿಸುತ್ತದೆ. ಒರ್ಸಿನೊನ ಪರ ನಿಂತು ಗೆಲ್ಲುತ್ತಿರುವಾಗಲೇ ಆತ ದಿಢೀರನೆ ಹತಾಶನಾಗಿ, ಹೆಣಗಳನ್ನು ಮೈಗೆ ಸೇರಿಸಿಕೊಂಡು ಭೂತವಾಗುತ್ತಾನೆ. ಆತನಿಗೆ ಆ ಹೊತ್ತಿನಲ್ಲಿ ಅದಕ್ಕೆ ಕಾರಣವೇ ಇಲ್ಲ. ಕಾರಣವಿದ್ದದ್ದು ತಯಾರಕರಿಗೆ: ಮಾಡಿಟ್ಟ ದೊಡ್ಡ ಕಾಳಗವೊಂದು ಅರ್ಧ ಆಟಗಾರರ ಪಾಲಿಗೆ ವ್ಯರ್ಥವಾಗಬಾರದು. ತಾಯಿಯ ಸಾವಿನಲ್ಲೂ ಆಯ್ಕೆ ಇರಲಿಲ್ಲ, ಆದರೆ ಅಲ್ಲಿ ಆಟ ಆಯ್ಕೆಯ ಆಸೆಯನ್ನೇ ತೋರಿಸಿರಲಿಲ್ಲ. ಇಲ್ಲಿ ಗಂಭೀರವಾಗಿ ಕೇಳಿ, ಉತ್ತರ ಪಡೆದು, ಕಸದ ಬುಟ್ಟಿಗೆ ಹಾಕುತ್ತದೆ. ಎರಡೇ ತಿಂಗಳ ನಂತರ, 2011ರ ಮೇನಲ್ಲಿ, ಪೋಲೆಂಡಿನ ‘ದಿ ವಿಚರ್ 2’ ಬಂದು, ಆಟಗಾರನ ಆಯ್ಕೆಗೆ ತಕ್ಕಂತೆ ಎರಡನೆಯ ಅಧ್ಯಾಯವನ್ನು ಬೇರೆಯೇ ಪಾಳೆಯದಲ್ಲಿ ನಡೆಸಿತು. ಹೋಲಿಕೆ ಬಯೊವೇರಿಗೆ ಕಹಿಯಾಗಿತ್ತು.

ಆಮೇಲೆ

ಆಟ ಎರಡು ವಾರದೊಳಗೆ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಮೆಟಾಕ್ರಿಟಿಕ್‌ನಲ್ಲಿ ಪಿಸಿ ಆವೃತ್ತಿಗೆ ವಿಮರ್ಶಕರ ಅಂಕ 82. ಆಟಗಾರರು ಕೊಟ್ಟ ಅಂಕ ಅದರ ಹತ್ತಿರಕ್ಕೂ ಬರಲಿಲ್ಲ. ಜುಲೈನಲ್ಲಿ ಬಂದ ‘ಲೆಗಸಿ’ ಎಂಬ ಡಿಎಲ್‌ಸಿಯಲ್ಲಿ (ಆಮೇಲೆ ಇಳಿಸಿಕೊಳ್ಳುವ ಹೆಚ್ಚುವರಿ ಕಂತಿನಲ್ಲಿ) ಹೊಸ ಜಾಗಗಳಿದ್ದವು, ಕಾಳಗಗಳು ಯೋಚಿಸಿ ಜೋಡಿಸಿದಂತಿದ್ದವು. ಸಮಯ ಕೊಟ್ಟರೆ ಈ ತಂಡ ಇದೇ ಸಾಮಗ್ರಿಯಿಂದ ಏನು ಮಾಡಬಲ್ಲದೆಂದು ಅದು ತೋರಿಸಿತು. ‘ಎಕ್ಸಾಲ್ಟೆಡ್ ಮಾರ್ಚ್’ ಎಂಬ ದೊಡ್ಡ ವಿಸ್ತರಣೆ ಯೋಜನೆಯಲ್ಲಿತ್ತು, ರದ್ದಾಯಿತು.

2014ರ ‘ಡ್ರ್ಯಾಗನ್ ಏಜ್: ಇನ್‌ಕ್ವಿಸಿಷನ್’ ಈ ಆಟದಿಂದ ಬಹಳಷ್ಟು ಪಡೆಯಿತು. ವ್ಯಾರಿಕ್ ಮತ್ತು ಕಸ್ಸಾಂಡ್ರಾ ಅಲ್ಲಿ ಒಂದೇ ಪಡೆಯಲ್ಲಿದ್ದಾರೆ, ‘ಲೆಗಸಿ’ಯ ಖಳನೇ ಅಲ್ಲಿಯ ಮುಖ್ಯ ಶತ್ರು, ಹಾಕ್ ಕೂಡ ಒಂದು ಸುತ್ತು ಬಂದುಹೋಗುತ್ತಾನೆ. ಸ್ನೇಹ–ಪೈಪೋಟಿಯ ಪಟ್ಟಿಯನ್ನು ಮಾತ್ರ ಬಿಟ್ಟುಬಿಟ್ಟರು. ಮತ್ತೆ ಮೆಚ್ಚಿಗೆ, ಅಸಮಾಧಾನದ ಹಳೆಯ ಲೆಕ್ಕ. ಜಾಗ ಸಾಲದೆಂಬ ದೂರಿಗೆ ಉತ್ತರವಾಗಿ ಎಕರೆಗಟ್ಟಲೆ ಬಯಲು ಹರಡಿದರು. ಮೊದಲ ಬಯಲಾದ ಹಿಂಟರ್‌ಲ್ಯಾಂಡ್ಸ್‌ನಲ್ಲೇ ಸೊಪ್ಪುಸದೆ ಕೀಳುತ್ತ ಕಥೆಯನ್ನೇ ಮರೆತ ಆಟಗಾರರಿಗೆ, ಅಲ್ಲಿಂದ ಹೊರಬಂದು ಮುಂದೆ ಹೋಗಿ ಎಂದು ಖುದ್ದು ತಯಾರಕರೇ ಸಲಹೆ ಕೊಡಬೇಕಾಯಿತು.